ಕ್ರಿಯಾಪದದ ತಲೆಗೆ ಅಂಟುವ ತುಣುಕು: ಕನ್ನಡ ಬಲ್ಲವರು ರಷ್ಯನ್ ಉಪಸರ್ಗ ಕಲಿಯುವ ಬಗೆ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಡೆದುಹೋದರೆ 'ಉಪಹಾರ' ಎಂದು ಬರೆದ ಹೋಟೆಲ್ ಬೋರ್ಡು ಒಂದಾದರೂ ಕಣ್ಣಿಗೆ ಬೀಳದೆ ಇರದು. ತಿಂಡಿಗೆ ಸರಿಯಾದ ಪದ ಉಪಾಹಾರ: ಉಪ, ಆ, ಹಾರ ಎಂದು ಮೂರು ತುಂಡು. ನಡುವಿನ 'ಆ' ಬಿಟ್ಟುಹೋದರೆ ಉಳಿಯುವುದು ಉಪಹಾರ, ಅಂದರೆ ಕಾಣಿಕೆ. ಒಂದು ದೀರ್ಘ ಜಾರಿದ್ದಕ್ಕೆ ಇಡ್ಲಿ ಹೋಗಿ ಕಾಣಿಕೆ ಬಂತು. ಸಂಸ್ಕೃತ ಪಾಠಗಳಲ್ಲಿ ಹೇಳಿಕೊಡುವ ಹಳೆಯ ಶ್ಲೋಕವೂ ಇದನ್ನೇ ಹೇಳುತ್ತದೆ: 'ಉಪಸರ್ಗೇಣ ಧಾತ್ವರ್ಥೋ ಬಲಾದನ್ಯತ್ರ ನೀಯತೇ, ಪ್ರಹಾರಾಹಾರಸಂಹಾರವಿಹಾರಪರಿಹಾರವತ್'. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂದು ಇದರ ಭಾವ. ಧಾತು ಒಂದೇ, 'ಹೃ'. ಅದರಿಂದ ಹೊಡೆತ, ಊಟ, ಕೊಲೆ, ಸುತ್ತಾಟ, ಪರಿಹಾರ ಐದೂ ಹುಟ್ಟಿವೆ.

ವೈದ್ಯಕೀಯ ಓದಲು ರಷ್ಯಾಕ್ಕೆ ಹೊರಟ ನಮ್ಮ ಕಡೆಯ ಮಕ್ಕಳಿಗೆ ಮೊದಲ ವರ್ಷವೇ ಎದುರಾಗುವ ಗೋಡೆ ಇದು. ಪಾಠ ಇಂಗ್ಲಿಷ್‌ನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿದ ರೋಗಿ ಮಾತಾಡುವುದು ರಷ್ಯನ್. ಉಪಸರ್ಗ ತಪ್ಪಿದರೆ ಅಲ್ಲಿ ಮಾತಿನ ಅರ್ಥವೇ ಬದಲಾಗುತ್ತದೆ. ಶ್ಲೋಕ ಗೊತ್ತಿದ್ದವರಿಗೂ ಕಷ್ಟ ಇದ್ದೇ ಇದೆ, ಯಾಕೆಂದರೆ ರಷ್ಯನ್ ಉಪಸರ್ಗ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತದೆ. ಒಂದು, ದಿಕ್ಕನ್ನೋ ಅರ್ಥವನ್ನೋ ಬದಲಿಸುವುದು. ಇನ್ನೊಂದು, ಕೆಲಸ ಪೂರ್ತಿಯಾಯಿತು ಎಂದು ತಿಳಿಸುವುದು. ಕನ್ನಡ ಈ ಎರಡನ್ನು ಎರಡು ಕಡೆ ಹಂಚಿಟ್ಟಿದೆ. ದಿಕ್ಕು ಮುಂದೆ ಬರುತ್ತದೆ: ಒಳಹೊಗು, ಹೊರಹಾಕು, ಹಿಂಪಡೆ, ಮುಂದೂಡು. ಮುಗಿಯುವಿಕೆ ಹಿಂದೆ ಬರುತ್ತದೆ: ಬರೆದುಬಿಡು, ತಿಂದುಹಾಕು, ಬರೆದಿಡು. ಆದ್ದರಿಂದ ಪ್ರತಿ ರಷ್ಯನ್ ಕ್ರಿಯಾಪದಕ್ಕೂ ಎರಡು ಪ್ರಶ್ನೆಯನ್ನು ಬೇರೆ ಬೇರೆಯಾಗಿ ಕೇಳುವ ರೂಢಿ ಬೆಳೆಸಿಕೊಳ್ಳಬೇಕು: ಅರ್ಥ ಎತ್ತ ಹೋಯಿತು? ಕೆಲಸ ಮುಗಿಯಿತೇ?

ಇಲ್ಲಿ ರಷ್ಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ, ಅಲ್ಲಿನ ಕಾಗುಣಿತಕ್ಕೆ ಹತ್ತಿರವಾಗಿ ಕೊಟ್ಟಿದ್ದೇವೆ. ದೀರ್ಘ ಇರುವಲ್ಲಿ ಒತ್ತು ಬೀಳುತ್ತದೆ ಎಂದು ಓದಿಕೊಳ್ಳಿ.

ಮೊದಲು ಪುಸ್ತಕ ಕಟ್ಟಿಕೊಳ್ಳಿ

200 ಪುಟದ ಲಾಂಗ್ ನೋಟ್‌ಬುಕ್ ಒಂದು ಸಾಕು. ಉಪಸರ್ಗಕ್ಕೊಂದು ಪುಟ ಇಡಬೇಡಿ, ಧಾತುವಿಗೊಂದು ಪುಟ ಇಡಿ. ಬಹುತೇಕರು ಎಡವುವುದು ಇಲ್ಲೇ. 'ಜ಼-' ಎಂದು ತಲೆಬರಹ ಹಾಕಿ ಕೆಳಗೆ ಮೂವತ್ತು ಪದ ಬರೆದರೆ ಮೂವತ್ತಕ್ಕೂ ಒಂದೇ ಅರ್ಥ ಹುಡುಕುತ್ತಾ ಕೂರುತ್ತೀರಿ, ಅದು ಸಿಗುವುದಿಲ್ಲ. ಧಾತು ಕೈಯಲ್ಲಿದ್ದರೆ ಉಪಸರ್ಗಗಳ ನಡುವಿನ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ. ಮೊದಲಿಗೆ ಹತ್ತು ಧಾತು ತೆಗೆದುಕೊಳ್ಳಿ: ಬರೆ, ನಡೆದು ಹೋಗು, ವಾಹನದಲ್ಲಿ ಹೋಗು, ಕುಡಿ, ಕೊಡು, ನೋಡು, ಹೇಳು, ಮಾಡು, ಹೊರು, ಇಡು. ದಿನಕ್ಕೆ ಮೂರು ಪದಕ್ಕಿಂತ ಹೆಚ್ಚು ಬೇಡ.

'ಪಿಸಾತ್' ಅಂದರೆ ಬರೆ. ಮೊದಲ ಪುಟ ಇದರದ್ದಾಗಲಿ. ನಪಿಸಾತ್ ಅಂದರೆ ಬರೆದು ಮುಗಿಸು. ಜ಼ಪಿಸಾತ್ ಅಂದರೆ ಮರೆಯದಂತೆ ಬರೆದುಕೊ. ಪೊದ್‌ಪಿಸಾತ್ ಅಂದರೆ ರುಜು ಹಾಕು. 'ಪೊದ್' ಎಂದರೆ ಕೆಳಗೆ, ರುಜು ಹಾಕುವುದು ಕಾಗದದ ಕೆಳಗೇ ತಾನೆ. ಪೆರೆಪಿಸಾತ್ ಅಂದರೆ ತಿದ್ದಿ ಮತ್ತೆ ಬರೆ, ಇಲ್ಲವೆ ಪ್ರತಿ ಮಾಡು. ಸ್ಪಿಸಾತ್ ಅಂದರೆ ಬೇರೆಡೆಯಿಂದ ಇಳಿಸಿಕೊ; ಪರೀಕ್ಷೆಯಲ್ಲಿ ಪಕ್ಕದವರದ್ದು ಕಾಪಿ ಹೊಡೆಯುವುದಕ್ಕೂ ಇದೇ ಪದ. ಒಪಿಸಾತ್ ವರ್ಣಿಸು. ದೊಪಿಸಾತ್ ಅರ್ಧಕ್ಕೆ ನಿಂತದ್ದನ್ನು ಕೊನೆ ಮುಟ್ಟಿಸು. ವೀಪಿಸತ್ ಔಷಧಿ ಚೀಟಿ ಬರೆದುಕೊಡು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡು ಎಂಬುದಕ್ಕೂ ಇದೇ.

ಇಷ್ಟರಲ್ಲಿ 'ನ-' ಒಂದೇ ಅರ್ಥವನ್ನು ಅಲುಗಿಸದೆ ಕೆಲಸ ಮುಗಿಸಿದೆ. ಉಳಿದವು ಮುಗಿಸುವುದರ ಜೊತೆಗೆ ಅರ್ಥವನ್ನೂ ಎಳೆದಿವೆ. ಪುಟದಲ್ಲಿ ಈ ಬರಿದಾದ ಉಪಸರ್ಗಕ್ಕೆ ಬೇರೆ ಬಣ್ಣದ ಗುರುತು ಹಾಕಿ. ಪ್ರತಿ ಧಾತುವಿಗೂ ಅದು ಬೇರೆ ಎಂಬುದೇ ತೊಡಕು: ಬರೆಯುವುದಕ್ಕೆ 'ನ-', ಓದುವುದಕ್ಕೆ 'ಪ್ರೊ-' (ಚಿತಾತ್, ಪ್ರೊಚಿತಾತ್), ಮಾಡುವುದಕ್ಕೆ 'ಸ್-' (ದೇಲತ್, ಸ್ದೇಲತ್), ಕಟ್ಟುವುದಕ್ಕೆ 'ಪೊ-' (ಸ್ತ್ರೋಯಿತ್, ಪೊಸ್ತ್ರೋಯಿತ್). ಕೆಲವು ಭಾಷಾವಿಜ್ಞಾನಿಗಳು ಇದಕ್ಕೊಂದು ಕಾರಣ ಕೊಡುತ್ತಾರೆ. ಧಾತುವಿನ ಅರ್ಥದೊಳಗೆ ಈಗಾಗಲೇ ಇರುವುದನ್ನೇ ಹೇಳುವ ಉಪಸರ್ಗ ಬಂದಾಗ ಅದು ಬರಿದಾದಂತೆ ತೋರುತ್ತದೆ. 'ನ' ಎಂದರೆ ಮೇಲೆ. ಬರೆಯುವುದು ಹಾಳೆಯ ಮೇಲೆ. 'ಪ್ರೊ' ಎಂದರೆ ಹಾಯ್ದು. ಓದುವುದು ಮೊದಲಿಂದ ಕೊನೆಗೆ ಹಾಯ್ದು. ನೆನಪಿಟ್ಟುಕೊಳ್ಳಲು ಈ ವಿವರಣೆ ಎಲ್ಲಕ್ಕಿಂತ ಹೆಚ್ಚು ನೆರವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಅರ್ಥ ಸರಿದಿದೆಯೋ ಇಲ್ಲವೋ ಎಂದು ನಿಘಂಟಿನಲ್ಲಿ ಪರೀಕ್ಷಿಸಬಹುದು. ಅರ್ಥ ಸರಿದ ಪದ ಹೊಸ ಪದವೇ ಆದ್ದರಿಂದ, ಅದರ ಮುಗಿಯದ ರೂಪವೂ ಹೊಸದಾಗಿ ಬೇಕಾಗುತ್ತದೆ. ಅದಕ್ಕೆ ಧಾತುವಿನ ಬೆನ್ನಿಗೆ '-ಇವ-' ಸೇರುತ್ತದೆ: ಪೊದ್‌ಪಿಸಾತ್ (ಒಮ್ಮೆ ರುಜು ಹಾಕಿ ಮುಗಿಸು), ಪೊದ್‌ಪೀಸಿವತ್ (ರುಜು ಹಾಕುತ್ತಿರು, ದಿನಾ ಹಾಕು). ನಪಿಸಾತ್‌ಗೆ ಹೀಗೆ ಜೋಡಿ ಬೇಕಿಲ್ಲ, ಪಿಸಾತ್ ಇದ್ದೇ ಇದೆ. ಇದು ನೂರಕ್ಕೆ ನೂರು ಸರಿಯಾದ ಪರೀಕ್ಷೆ ಅಲ್ಲ. ಪ್ರೊಚಿತಾತ್‌ಗೆ ಪ್ರೊಚೀತಿವತ್ ಎಂಬ ಜೋಡಿ ನಿಘಂಟಿನಲ್ಲಿ ಸಿಗುತ್ತದೆ. ಆದರೂ ಹೊಸ ಪದ ಎದುರಾದಾಗ ಮೊದಲು ಮಾಡಬೇಕಾದ ತಪಾಸಣೆ ಇದೇ.

'ಬರೆಯುತ್ತೇನೆ' ಎಂಬ ಬಲೆ

ಕನ್ನಡದ 'ಬರೆಯುತ್ತೇನೆ' ಮೂರು ಕೆಲಸ ಮಾಡುತ್ತದೆ. ದಿನಾ ಬರೆಯುತ್ತೇನೆ, ನಾಳೆ ಇಡೀ ದಿನ ಬರೆಯುತ್ತೇನೆ, ನಾಳೆ ಬರೆದು ಕೊಟ್ಟೇ ಕೊಡುತ್ತೇನೆ. ರಷ್ಯನ್‌ನಲ್ಲಿ ಮೂರಕ್ಕೂ ಮೂರು ರೂಪ: ಪಿಶೂ, ಬೂದು ಪಿಸಾತ್, ನಪಿಶೂ. ಮುಗಿದ ಕ್ರಿಯಾಪದಕ್ಕೆ ವರ್ತಮಾನವೇ ಇಲ್ಲ. ವರ್ತಮಾನದ ಪ್ರತ್ಯಯ ಹಚ್ಚಿದರೆ ಅದು ಭವಿಷ್ಯವಾಗುತ್ತದೆ. ಈಗ ನಡೆಯುತ್ತಿರುವುದು ಮುಗಿದಿರಲು ಸಾಧ್ಯವಿಲ್ಲವಲ್ಲ!

ತಪ್ಪು ಹೀಗೆ ಹುಟ್ಟುತ್ತದೆ: 'ಬೂದು' ಎಂದರೆ ಭವಿಷ್ಯ, 'ನಪಿಸಾತ್' ಎಂದರೆ ಮುಗಿಸು, ಎರಡನ್ನೂ ಸೇರಿಸಿ 'ಬೂದು ನಪಿಸಾತ್' ಎನ್ನುವುದು. ಇಂಥ ರೂಪ ರಷ್ಯನ್‌ನಲ್ಲಿ ಇಲ್ಲ. 'ಬೂದು' ಜೊತೆಗೆ ಯಾವಾಗಲೂ ಮುಗಿಯದ ರೂಪವೇ ಬರಬೇಕು. ಶುರುಮಾಡು, ಮುಂದುವರಿಸು, ನಿಲ್ಲಿಸು ಎಂಬ ಪದಗಳ ಜೊತೆಗೂ ಹಾಗೆಯೇ, 'ನಾಚಲ್ ಪಿಸಾತ್' ಸರಿ, 'ನಾಚಲ್ ನಪಿಸಾತ್' ತಪ್ಪು.

ಭೂತಕಾಲದಲ್ಲಿ 'ಬಿಡು' ಹಚ್ಚಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಬರ್ದ್‌ಬುಟ್ಟೆ ಎಂದರೆ ಮುಗಿದ ರೂಪ, ಬರೀತಿದ್ದೆ ಎಂದರೆ ಮುಗಿಯದ ರೂಪ ಎಂದು. ಅರ್ಧ ಮಾತ್ರ ಸರಿ. ನಮ್ಮ 'ಬಿಡು'ವಿನಲ್ಲಿ ಆತುರ, ಅಚಾತುರ್ಯ, ಪಶ್ಚಾತ್ತಾಪ ಎಲ್ಲ ಬೆರೆತಿರುತ್ತದೆ ('ಹಾಲೆಲ್ಲ ಕುಡಿದುಬಿಟ್ಟ'), ರಷ್ಯನ್ ಉಪಸರ್ಗದಲ್ಲಿ ಆ ಭಾವ ಇರುವುದಿಲ್ಲ. ಅದಕ್ಕಿಂತ 'ಬರೆದು ಮುಗಿಸಿದೆ' ಎಂದು ಹಾಕಿ ನೋಡಿ. ವಾಕ್ಯ ಕೆಡದೆ ನಿಂತರೆ ನಪಿಸಾಲ್. 'ಎರಡು ಗಂಟೆ ಬರೆದೆ' ಎಂಬಲ್ಲಿ 'ಎರಡು ಗಂಟೆ ಬರೆದು ಮುಗಿಸಿದೆ' ಕೂರುವುದಿಲ್ಲ, ಆದ್ದರಿಂದ ಪಿಸಾಲ್.

ಕನ್ನಡಿಗರಿಗೆ ಸಲೀಸಾಗಿ ಸಿಗುವ ಎರಡು ಸೂಕ್ಷ್ಮ

ಇಂಗ್ಲಿಷ್ ಮೂಲಕ ರಷ್ಯನ್ ಕಲಿಯುವವರು ವರ್ಷಗಟ್ಟಲೆ ಒದ್ದಾಡುವ ಎರಡು ವಿಷಯ ಕನ್ನಡದಲ್ಲಿ ಸಿದ್ಧವಾಗಿ ಕೂತಿವೆ. ಪಠ್ಯಪುಸ್ತಕ ಇಂಗ್ಲಿಷ್‌ನಲ್ಲಿ ಇರುವುದರಿಂದ ನಮ್ಮ ಹುಡುಗರು ಇದನ್ನು ಗಮನಿಸದೆ ಬಿಡುತ್ತಾರೆ ಎಂಬುದು ಬೇಸರದ ಸಂಗತಿ.

'ಡಾಕ್ಟರ್ ಬಂದಿದ್ದಾರೆ' ಎಂದರೆ ಅವರು ಈಗ ಇಲ್ಲೇ ಇದ್ದಾರೆ. 'ಡಾಕ್ಟರ್ ಬಂದಿದ್ದರು' ಎಂದರೆ ಬಂದರು, ಹೋದರು. ರಷ್ಯನ್‌ನಲ್ಲಿ ಮೊದಲನೆಯದಕ್ಕೆ ಮುಗಿದ ರೂಪ: ವ್ರಾಚ್ ಪ್ರಿಶೋಲ್. ಎರಡನೆಯದಕ್ಕೆ ಮುಗಿಯದ ರೂಪ: ವ್ರಾಚ್ ಪ್ರಿಖೊದೀಲ್. ಬಂದದ್ದರ ಫಲ ಅಳಿಸಿಹೋಗಿದ್ದರೆ ಮುಗಿಯದ ರೂಪ ಬರುತ್ತದೆ. ಕಿಟಕಿಗೂ ಇದೇ ಲೆಕ್ಕ. 'ಕಿಟಕಿ ಯಾರು ತೆಗೆದಿದ್ದಾರೆ?' ಎಂದರೆ ಇನ್ನೂ ತೆರೆದಿದೆ: ಕ್ತೋ ಒತ್‌ಕ್ರೀಲ್ ಒಕ್ನೋ. 'ಯಾರು ತೆಗೆದಿದ್ದರು?' ಎಂದರೆ ಈಗ ಮುಚ್ಚಿದೆ: ಕ್ತೋ ಒತ್‌ಕ್ರಿವಾಲ್ ಒಕ್ನೋ. ಇದ್ದಾನೆ, ಇದ್ದ ಎಂಬ ಈ ಜೋಡಿ ಹೋಗು, ಬರು, ತೆಗೆ, ಮುಚ್ಚು, ತಗೊ, ಕೊಡು ಮುಂತಾದ ಹಿಂದಿರುಗಿಸಬಹುದಾದ ಕ್ರಿಯೆಗಳಿಗೆ ಚೆನ್ನಾಗಿ ಹೊಂದುತ್ತದೆ. ಉಳಿದ ಕಡೆ ಹೀಗೇ ಹೊಂದಿಸಲು ಹೋಗಬೇಡಿ. 'ಈ ಪುಸ್ತಕ ಓದಿದ್ದೀಯಾ?' ಎಂಬುದರಲ್ಲಿ 'ಇದ್ದೀಯಾ' ಇದ್ದರೂ ರಷ್ಯನ್‌ನಲ್ಲಿ ಚಿತಾಲ್ ಎಂಬ ಮುಗಿಯದ ರೂಪವೇ ಬರುತ್ತದೆ, ಯಾಕೆಂದರೆ ಕೇಳುತ್ತಿರುವುದು ಅನುಭವವನ್ನು. 'ಓದಿ ಮುಗಿಸಿದೆಯಾ?' ಎಂದಾಗ ಮಾತ್ರ ಪ್ರೊಚಿತಾಲ್.

ಇನ್ನೊಂದು, ಬೇಡ ಎನ್ನುವ ರೀತಿ. 'ಬರೀಬೇಡ' ಎಂಬ ಸಾಮಾನ್ಯ ನಿಷೇಧಕ್ಕೆ ಮುಗಿಯದ ರೂಪ ಬೇಕು: ನೆ ಪಿಶೀ. ಆದರೆ ದೇವರಾಯನದುರ್ಗದ ಮೆಟ್ಟಿಲಲ್ಲಿ ಓಡುವ ಮಗುವಿಗೆ ಅಮ್ಮ 'ಬೀಳಬೇಡ' ಎನ್ನುವುದಿಲ್ಲ, 'ಬಿದ್ದೀಯ! ಹುಷಾರು' ಎನ್ನುತ್ತಾಳೆ. ಮಗು ಬೇಕೆಂದು ಬೀಳುವುದಿಲ್ಲ, ಅಕಸ್ಮಾತ್ ಆಗಬಹುದಾದ್ದಕ್ಕೆ ಎಚ್ಚರಿಕೆ ಅದು. ಈ ಸಂಭಾವನೆಯ (ಹೀಗಾಗಬಹುದು ಎನ್ನುವ) ರೂಪ ಎಲ್ಲಿ ಬರುತ್ತದೋ ಅಲ್ಲಿ ರಷ್ಯನ್ 'ನೆ' ಮುಂದೆ ಮುಗಿದ ರೂಪ ಇಡುತ್ತದೆ: ನೆ ಉಪದೀ, ಬಿದ್ದೀಯ, ನೆ ಜ಼ಬೂದ್, ಮರೆತೀಯ. ವ್ಯಾಕರಣ ಪುಸ್ತಕ ಇದಕ್ಕೆ ಒಂದು ಪುಟ ಖರ್ಚು ಮಾಡುತ್ತದೆ. ನಿಮಗೆ ಆ 'ಈಯ' ಒಂದು ನೆನಪಿದ್ದರೆ ಸಾಕು.

ದಾರಿಯಲ್ಲಿ ನಡೆಯುತ್ತಾ ಕಲಿಯಬೇಕಾದವು

ಚಲನೆಯ ಕ್ರಿಯಾಪದಗಳನ್ನು ಮೇಜಿನ ಮುಂದೆ ಕೂತು ಬಾಯಿಪಾಠ ಮಾಡಬೇಡಿ. ದಿನಾ ಓಡಾಡುವ ದಾರಿಗೆ ಕಟ್ಟಿಹಾಕಿ. ಪ್ರತಿ ಪದವನ್ನೂ ಮೂರು ತುಂಡಾಗಿ ಕಲಿಯಿರಿ: ಉಪಸರ್ಗ ಸೇರಿದ ಕ್ರಿಯಾಪದ, ಅದರ ಹಿಂದೆ ಬರುವ ಪುಟ್ಟ ಪದ, ಆ ಪದ ಬೇಡುವ ವಿಭಕ್ತಿ. ಉಪಸರ್ಗ ಹೇಳಿದ್ದನ್ನೇ ಆ ಪುಟ್ಟ ಪದ ಮತ್ತೊಮ್ಮೆ ಹೇಳುತ್ತದೆ, 'ಮನೆಯೊಳಕ್ಕೆ ಒಳಹೊಕ್ಕ' ಎಂದಂತೆ.

ನಡೆದು ಹೋಗುವುದಕ್ಕೆ ಧಾತು 'ಇದ್ತೀ'. ಉಪಸರ್ಗ ಸೇರಿದಾಗ '-ಯ್ತೀ' ಆಗುತ್ತದೆ. ಮನೆಯಿಂದ ಹೊರಬಿದ್ದಿರಿ: ವೀಯ್ತಿ ಇಜ಼್ ದೋಮ, 'ಇಜ಼್' ಷಷ್ಠಿ ಕೇಳುತ್ತದೆ. ಬಿ.ಎಚ್. ರಸ್ತೆ ದಾಟಿದಿರಿ: ಪೆರೆಯ್ತೀ ಚೇರೆಜ಼್ ದೊರೋಗು, ದ್ವಿತೀಯೆ. ನಿಂತ ಬಸ್ಸಿನ ಹತ್ತಿರ ಹೋದಿರಿ: ಪೊದೊಯ್ತೀ ಕ್ ಅವ್ತೋಬುಸು, ಚತುರ್ಥಿ. ಆಸ್ಪತ್ರೆಯ ಪಕ್ಕ ಹಾದುಹೋದಿರಿ: ಪ್ರೊಯ್ತೀ ಮೀಮೊ ಬೊಲ್ನೀತ್ಸಿ, ಷಷ್ಠಿ. ದಾರಿಯಲ್ಲಿ ಹಾಗೇ ಅಂಗಡಿಗೊಮ್ಮೆ ಹೊಕ್ಕಿರಿ: ಜ಼ಯ್ತೀ ವ್ ಮಗಜ಼ೀನ್, ದ್ವಿತೀಯೆ. ಅಮಾನಿಕೆರೆ ತಲುಪಿದಿರಿ: ದೊಯ್ತೀ ದೊ ಓಜ಼ೆರ, ಷಷ್ಠಿ. ಕೆರೆಗೆ ಒಂದು ಸುತ್ತು ಹಾಕಿದಿರಿ: ಒಬೊಯ್ತೀ ಓಜ಼ೆರೊ, ಇಲ್ಲಿ ಪುಟ್ಟ ಪದವೇ ಬೇಡ. ಒಂದು ವಾರ ಅದೇ ದಾರಿಯಲ್ಲಿ ಬಾಯಿಬಿಟ್ಟು ಹೇಳುತ್ತಾ ನಡೆದರೆ ಏಳು ಉಪಸರ್ಗ ಕಾಲಿಗೇ ಅಂಟುತ್ತವೆ.

ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ 'ಯೇಖತ್' ಧಾತು. ಉಪಸರ್ಗಗಳು ಅವೇ. ತುಮಕೂರಿಂದ ಹೊರಟಾಗ ಉಯೇಖತ್, ಕ್ಯಾತ್ಸಂದ್ರ ಹಾದಾಗ ಪ್ರೊಯೇಖತ್, ನೆಲಮಂಗಲ ತಲುಪಿದಾಗ ದೊಯೇಖತ್. ನಡಿಗೆಗೂ ವಾಹನಕ್ಕೂ ಧಾತು ಬೆರೆಸಬೇಡಿ. ಊರಿಂದೂರಿಗೆ ಹೋಗುವ ಮಾತಿಗೆ 'ಇದ್ತೀ' ಹಾಕಿದರೆ ಕಾಲ್ನಡಿಗೆಯಲ್ಲೇ ಹೊರಟಿರಿ ಎಂದು ಕೇಳಿಸುತ್ತದೆ.

ಹೆಚ್ಚು ಎಡವಟ್ಟಾಗುವ ಜೋಡಿ 'ವಿ-' ಮತ್ತು 'ಉ-'. ಎರಡಕ್ಕೂ ನಿಘಂಟು 'ಹೊರಗೆ ಹೋಗು' ಎಂದೇ ಕೊಟ್ಟಿರಬಹುದು. ಡಾಕ್ಟರ್ ಇದ್ದಾರಾ ಎಂದು ಕೇಳಿದಾಗ 'ಓನ್ ವೀಶೆಲ್' ಎಂದರೆ ಈಗಷ್ಟೇ ಆಚೆ ಹೋದರು, ಬರಬಹುದು, ಕಾಯಿರಿ. 'ಓನ್ ಉಶೋಲ್' ಎಂದರೆ ಹೊರಟುಹೋದರು, ನೀವೂ ಮನೆಗೆ ಹೋಗಿ. ನಮ್ಮ 'ಹೊರಟುಹೋದರು' ಎಂಬುದು 'ಉ-'ಗೆ ಸರಿಯಾದ ಜೋಡಿ.

ವಾರ್ಡಿನ ಮಾತು

ಬೊಲೇತ್ ಎಂದರೆ ಕಾಯಿಲೆಯಾಗಿರು. ಜ಼ಬೊಲೇತ್ ಎಂದರೆ ಕಾಯಿಲೆ ಬೀಳು. ಇಲ್ಲಿ 'ಜ಼-' ಆರಂಭವನ್ನು ತೋರಿಸುತ್ತದೆ. ವೀಜ಼್‌ದೊರೊವೆತ್ ಎಂದರೆ ಗುಣವಾಗು. ಪೆರೆಬೊಲೇತ್ ಎಂದರೆ ಹಿಂದೆ ಆ ಕಾಯಿಲೆ ಬಂದು ಹೋಗಿರು. ರೋಗಿಯ ಇತಿಹಾಸ ಬರೆದುಕೊಳ್ಳುವಾಗ ಈ ನಾಲ್ಕು ಬೆರೆತುಹೋಗಬಾರದು. ಕಾಯಿಲೆ ಶುರುವಾದ ದಿನ ಕೇಳಬೇಕಾದರೆ 'ಕೊಗ್ದಾ ವಿ ಜ಼ಬೊಲೇಲಿ', ಹಿಂದಿನ ಕಾಯಿಲೆಗಳನ್ನು ಕೇಳಬೇಕಾದರೆ 'ಚೇಮ್ ವಿ ಬೊಲೇಲಿ'.

ಪೀತ್, ಕುಡಿ ಎಂಬ ಧಾತುವಿನ ಪುಟವನ್ನು ವೈದ್ಯರಾಗುವವರು ತಪ್ಪಿಸಲೇಬಾರದು. ವೀಪಿತ್ ಪೂರ್ತಿ ಕುಡಿ. ದೊಪೀತ್ ಲೋಟದಲ್ಲಿ ಉಳಿದದ್ದನ್ನು ಕುಡಿದು ಮುಗಿಸು. ಒತ್‌ಪೀತ್ ಒಂದು ಗುಟುಕು ಹೀರು. ಪೊಪೀತ್ ಸ್ವಲ್ಪ ಕುಡಿ. ಜ಼ಪೀತ್ ಮಾತ್ರೆ ನುಂಗಿ ಮೇಲೆ ನೀರು ಕುಡಿ. ಆದರೆ ಇದೇ ಜ಼ಪೀತ್ ಕರ್ಮಪದವಿಲ್ಲದೆ ಬಂದರೆ ಆತ ಎಡೆಬಿಡದ ಕುಡಿತಕ್ಕೆ ಇಳಿದ ಎಂದಾಗುತ್ತದೆ. 'ಏನನ್ನು' ಎಂಬುದಕ್ಕೆ ವಾಕ್ಯದಲ್ಲಿ ಉತ್ತರ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಕೇಸ್ ಶೀಟಿನಲ್ಲಿ ಬರೆಯಿರಿ.

ಕಾಗುಣಿತ, ಒತ್ತು

'ವಿ-' ಉಪಸರ್ಗ ಮುಗಿದ ರೂಪದಲ್ಲಿ ಒತ್ತನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ (ವೀಪಿಸತ್, ವೀಯ್ತಿ), ಮುಗಿಯದ ಜೋಡಿಯಲ್ಲಿ ಬಿಟ್ಟುಕೊಡುತ್ತದೆ (ವಿಪೀಸಿವತ್, ವಿಖೊದೀತ್). ಕಿವಿಗೆ ಇದಕ್ಕಿಂತ ನಂಬಿಕಸ್ತ ಗುರುತು ಇನ್ನೊಂದಿಲ್ಲ. 'ರಜ಼್-', 'ಇಜ಼್-', 'ಬೆಜ಼್-' ಮುಂತಾದವು ಪ, ತ, ಕ, ಸ ಥರದ ಅಘೋಷ ವ್ಯಂಜನದ ಮುಂದೆ 'ರಸ್-', 'ಇಸ್-', 'ಬೆಸ್-' ಆಗುತ್ತವೆ, ಬರೆಯುವಾಗಲೂ: ರಜ಼್‌ಬೀತ್, ರಸ್‌ಪಿಸಾತ್. ದುರ್ಗತಿ, ದುಷ್ಕರ್ಮ ಬಲ್ಲವರಿಗೆ ಇದು ಹೊಸದಲ್ಲ. 'ಸ್-' ಮಾತ್ರ ಬರವಣಿಗೆಯಲ್ಲಿ ಎಂದೂ ಬದಲಾಗದು.

'ಪೊ-' ಕಂಡಲ್ಲೆಲ್ಲ ಮುಗಿದ ರೂಪ ಎಂದು ತೀರ್ಮಾನಿಸಬೇಡಿ. ಕೊಳ್ಳು ಎಂಬುದಕ್ಕೆ ಕುಪೀತ್ ಮುಗಿದದ್ದು, ಪೊಕುಪಾತ್ ಮುಗಿಯದ್ದು, ಎಲ್ಲ ತಿರುಗುಮುರುಗು. ಕೆಲವಕ್ಕೆ ಜೋಡಿಯೇ ಬೇರೆ ಧಾತು: ಗೊವೊರೀತ್ ಮತ್ತು ಸ್ಕಜ಼ಾತ್ (ಹೇಳು), ಬ್ರಾತ್ ಮತ್ತು ವ್ಜ಼್ಯಾತ್ (ತಗೊ).

ಇತರ ಭಾಷೆಗಳತ್ತ ಕೈ ಚಾಚುವವರಿಗೆ

ಜರ್ಮನ್‌ನಲ್ಲಿ ಉಪಸರ್ಗ ಎರಡು ಜಾತಿ. ಒತ್ತು ಬೀಳುವಂಥದ್ದು ಧಾತುವನ್ನು ಬಿಟ್ಟು ವಾಕ್ಯದ ಕೊನೆಗೆ ಓಡುತ್ತದೆ: ಔಫ಼್‌ಷ್ಟೇಯೆನ್ (ಏಳು), 'ಇಶ್ ಷ್ಟೇಯೆ ಔಫ಼್'. ಒತ್ತಿಲ್ಲದ್ದು ಕದಲದು: ಫ಼ೆರ್‌ಷ್ಟೇಯೆನ್ (ಅರ್ಥಮಾಡಿಕೊ), 'ಇಶ್ ಫ಼ೆರ್‌ಷ್ಟೇಯೆ'. ಕದಲದವು ಎಂಟು: ಬೆ, ಎಂಪ್, ಎಂಟ್, ಎರ್, ಗೆ, ಮಿಸ್, ಫ಼ೆರ್, ತ್ಸೆರ್. ಇವನ್ನು ಬಾಯಿಪಾಠ ಮಾಡಿ, ಉಳಿದವುಗಳಲ್ಲಿ ಹೆಚ್ಚಿನವು ಓಡುವಂಥವೇ. 'ಉಮ್' ಥರದ ಕೆಲವು ಎರಡೂ ಕಡೆ ಸೇರುತ್ತವೆ. ಅಲ್ಲಿ ಒತ್ತೇ ಅರ್ಥ: ಉಮ್‌ಫ಼ಾರೆನ್ ಎಂಬುದರಲ್ಲಿ 'ಉಮ್' ಮೇಲೆ ಒತ್ತು ಬಿದ್ದರೆ ಗಾಡಿ ಗುದ್ದಿ ಕೆಡವು, 'ಫ಼ಾ' ಮೇಲೆ ಬಿದ್ದರೆ ಸುತ್ತಿ ಬಳಸಿಕೊಂಡು ಹೋಗು.

ಪೋಲಿಷ್, ಚೆಕ್ ಭಾಷೆಗಳಿಗೆ ರಷ್ಯನ್ ಪುಟಗಳು ಬಹುಮಟ್ಟಿಗೆ ಒದಗುತ್ತವೆ. ರುಜು ಹಾಕು ಎಂಬುದಕ್ಕೆ ಪೋಲಿಷ್‌ನಲ್ಲೂ 'ಪೊದ್-' ಉಪಸರ್ಗವೇ ಇದೆ. ಹಾಗೆಂದು ಉಪಸರ್ಗದ ಅರ್ಥ ಗಡಿ ದಾಟಿಯೂ ಅದೇ ಇರುತ್ತದೆ ಎಂದು ನಂಬಬೇಡಿ. ರಷ್ಯನ್ 'ಪ್ರೊ-' ಮತ್ತು ನಮ್ಮ 'ಪ್ರ' ಒಂದೇ ಮೂಲದ ದಾಯಾದಿಗಳು, ಆದರೂ ಪ್ರಹಾರ ತಿಳಿದವರಿಗೆ ಪ್ರೊಚಿತಾತ್ ತಿಳಿಯುವುದಿಲ್ಲ. ಹೊಸ ಭಾಷೆಗೆ ಹೊಸ ನೋಟ್‌ಬುಕ್ಕೇ ಬೇಕು. ರಷ್ಯನ್‌ನಲ್ಲಿ 'ಜ಼ಪೋಮ್ನಿತ್' ಎಂದರೆ ನೆನಪಿಟ್ಟುಕೊ. ಅದೇ ಉಪಸರ್ಗ, ಅದೇ ಧಾತುವಿನ ಪೋಲಿಷ್ ಪದ 'ಜ಼ಪೊಮ್ನ್ಯೆಚ್' ಎಂದರೆ ಮರೆತುಬಿಡು.